ನಾಟು ಬಂದೂಕಿಗೆ ಯಾವ ಮದ್ದು? ಹೊಲ ಕಾಯುವವರು ತಿಳಿದಿರಬೇಕಾದ ಸಂಗತಿಗಳು



ಶೇಂಗಾ ಕಾಯಿ ಬಲಿಯುವ ಹೊತ್ತಿಗೆ ಕಾಡುಹಂದಿ ಬರುತ್ತದೆ. ಹತ್ತಿ, ಕಡಲೆ ಮೊಳೆತು ಎರಡೆಲೆ ಬಿಡುವ ಹೊತ್ತಿಗೆ ಜಿಂಕೆಯ ಹಿಂಡು ಬರುತ್ತದೆ. ನಂದವರಂ, ಎಮ್ಮಿಗನೂರು, ಕೋಸಿಗಿ, ಆದವಾನಿ, ಆಲೂರು ಕಡೆಯ ಎರೆ ಹೊಲಗಳಲ್ಲಿ ಇದು ಪ್ರತಿ ವರ್ಷದ ಗೋಳು. ಸಾಲ ಮಾಡಿ ಬಿತ್ತಿದ ಬೆಳೆ ಒಂದೇ ರಾತ್ರಿಯಲ್ಲಿ ಹಂದಿಯ ಮೂತಿಗೆ ಹೋದಾಗ ರೈತನ ಕಣ್ಣು ಅಟ್ಟದ ಮೇಲಿನ ಹಳೆಯ ಬಂದೂಕಿನ ಕಡೆ ತಿರುಗುವುದು ಸಹಜ. ಕೆಲವರ ಮನೆಯಲ್ಲಿ ತಾತನ ಕಾಲದ ಲೈಸೆನ್ಸಿನ ಬಂದೂಕು ಇದೆ. ಇನ್ನು ಕೆಲವರು ಹೊಸದಾಗಿ ಲೈಸೆನ್ಸು ಪಡೆಯುವ ಯೋಚನೆಯಲ್ಲಿದ್ದಾರೆ. ಇಂಥವರು ಕೇಳುವ ಮೊದಲ ಪ್ರಶ್ನೆ: "ಇದಕ್ಕೆ ಯಾವ ಮದ್ದು ಹಾಕಬೇಕು?"

ಪ್ರಶ್ನೆ ಚಿಕ್ಕದು. ಆದರೆ ಉತ್ತರ ತಪ್ಪಿದರೆ ಹೋಗುವುದು ಹಂದಿಯಲ್ಲ, ಬಂದೂಕು ಹಿಡಿದವನ ಕೈ, ಕಣ್ಣು, ಕೆಲವೊಮ್ಮೆ ಪ್ರಾಣ. ಆದ್ದರಿಂದ ಈ ಸಲದ ಕೃಷಿ ಮತ್ತು ಆರೋಗ್ಯ ಅಂಕಣದಲ್ಲಿ ಈ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ.

ಬಾಯಿಯಿಂದ ತುಂಬುವ ಬಂದೂಕು

ಬಂದೂಕುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ತೋಟೆ ಹಾಕುವ ಬಂದೂಕು. ಇದರಲ್ಲಿ ಮದ್ದು, ಗುಂಡು, ಕಿಡಿ ಹೊತ್ತಿಸುವ ಭಾಗ ಎಲ್ಲವೂ ಕಾರ್ಖಾನೆಯಲ್ಲೇ ಒಂದು ತೋಟೆಯೊಳಗೆ ಅಳತೆ ಮಾಡಿ ಕೂರಿಸಲ್ಪಟ್ಟಿರುತ್ತವೆ. ಇನ್ನೊಂದು, ನಳಿಗೆಯ ಬಾಯಿಯಿಂದ ಮದ್ದು ಸುರಿದು, ಅಡಕ ತುರುಕಿ, ಮೇಲೆ ಚರೆ ಅಥವಾ ಗುಂಡು ಹಾಕಿ, ಕಡ್ಡಿಯಿಂದ ಒತ್ತಿ ಕೂರಿಸುವ ಬಂದೂಕು. ಹಿಂದೆ ಚಕಮಕಿ ಕಲ್ಲಿನ ಕಿಡಿಯಿಂದ ಇದು ಹೊತ್ತಿಕೊಳ್ಳುತ್ತಿತ್ತು. ಆಮೇಲೆ ತಾಮ್ರದ ಸಣ್ಣ ಕೇಪು ಬಂತು. ಮಲೆನಾಡಿನವರು ಇದನ್ನು ಕೇಪಿನ ಕೋವಿ ಎನ್ನುತ್ತಾರೆ. ನಮ್ಮ ಕಡೆ ನಾಟು ಬಂದೂಕು, ನಾಟು ತುಪಾಕಿ ಎನ್ನುವುದು ರೂಢಿ.

ತೋಟೆಯ ಬಂದೂಕಿನಲ್ಲಿ ಅಳತೆಯ ಹೊಣೆ ಕಾರ್ಖಾನೆಯದು. ಬಾಯಿಯಿಂದ ತುಂಬುವ ಬಂದೂಕಿನಲ್ಲಿ ಯಾವ ಮದ್ದು, ಎಷ್ಟು ಮದ್ದು ಎಂಬ ಹೊಣೆಯೆಲ್ಲ ತುಂಬುವವನ ತಲೆಯ ಮೇಲೆ ಬೀಳುತ್ತದೆ. ಮದ್ದಿನ ಆಯ್ಕೆ ಇಷ್ಟು ಮುಖ್ಯವಾಗುವುದು ಇದರಿಂದಲೇ.

ಕರಿ ಮದ್ದು ಎಂದರೇನು?

ಈ ಬಂದೂಕಿಗೆ ಸಲ್ಲುವುದು ಒಂದೇ ಮದ್ದು, ಅದು ಕರಿ ಮದ್ದು. ಇದರಲ್ಲಿ ಮೂರು ವಸ್ತುಗಳಿವೆ: ಪೆಟ್ಲುಪ್ಪು, ಇದ್ದಿಲು, ಗಂಧಕ. ಇದ್ದಿಲು ಉರಿಯುವ ವಸ್ತು. ಪೆಟ್ಲುಪ್ಪು ಆ ಉರಿಗೆ ಬೇಕಾದ ಆಮ್ಲಜನಕವನ್ನು ತನ್ನೊಳಗಿನಿಂದಲೇ ಕೊಡುತ್ತದೆ. ಗಂಧಕ ಬೇಗ ಹೊತ್ತಿಕೊಳ್ಳಲು ನೆರವಾಗುತ್ತದೆ. ಹೊರಗಿನ ಗಾಳಿ ಬೇಕಿಲ್ಲದ ಕಾರಣ ಮುಚ್ಚಿದ ನಳಿಗೆಯೊಳಗೂ ಇದು ಉರಿಯುತ್ತದೆ. ಒಂಬತ್ತನೆಯ ಶತಮಾನದ ಹೊತ್ತಿಗೆ ಚೀನಾ ದೇಶದಲ್ಲಿ ಕಂಡುಕೊಂಡ ಈ ಮದ್ದು ಮುಂದೆ ಲೋಕವನ್ನೆಲ್ಲ ಸುತ್ತಿತು. 1786ರಲ್ಲಿ ಟಿಪ್ಪು ಸುಲ್ತಾನನ ಸೇನೆ ನಮ್ಮ ಆದವಾನಿ ಕೋಟೆಯನ್ನು ಮುತ್ತಿದಾಗ ಎರಡೂ ಕಡೆಯ ಫಿರಂಗಿಗಳಲ್ಲಿ ಉರಿದದ್ದು ಇದೇ ಕರಿ ಮದ್ದು.

"ಮೂರೇ ವಸ್ತು ತಾನೇ, ಮನೆಯಲ್ಲೇ ಅರೆದುಕೊಂಡರಾಯಿತು" ಎಂದು ಯಾರಿಗಾದರೂ ಅನ್ನಿಸಬಹುದು. ಇದರಷ್ಟು ಅಪಾಯದ ಯೋಚನೆ ಬೇರೊಂದಿಲ್ಲ. ಆದ್ದರಿಂದ ಅವುಗಳ ಅಳತೆಯನ್ನಾಗಲಿ ವಿಧಾನವನ್ನಾಗಲಿ ನಾವು ಇಲ್ಲಿ ಬರೆಯುವುದಿಲ್ಲ. ಅರೆಯುವಾಗಿನ ತಿಕ್ಕಾಟ, ಒಂದು ಸಣ್ಣ ಕಿಡಿ, ನೈಲಾನ್ ಬಟ್ಟೆಯಲ್ಲಿ ಹುಟ್ಟುವ ವಿದ್ಯುತ್ತು, ಇವುಗಳಲ್ಲಿ ಯಾವುದಾದರೂ ಒಂದು ಸಾಕು. ಹಾಗೂ ಹೀಗೂ ಅಪಾಯವಿಲ್ಲದೆ ತಯಾರಾದರೂ ಅದು ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ. ನಿನ್ನೆ ಬರೀ ಹೊಗೆಯಾಡಿದ ಅದೇ ಹಿಡಿ ಮದ್ದು ಇವತ್ತು ನಳಿಗೆಯನ್ನೇ ಸೀಳಬಹುದು.

ಕಾಳಿನ ಗಾತ್ರವೇ ಮುಖ್ಯ

ಕಾರ್ಖಾನೆಯ ಮದ್ದು ಹಿಟ್ಟಿನ ಹಾಗೆ ಇರುವುದಿಲ್ಲ, ರವೆಯ ಹಾಗೆ ಕಾಳುಕಾಳಾಗಿರುತ್ತದೆ. ಮೂರು ವಸ್ತುಗಳನ್ನು ಒದ್ದೆಯಾಗಿ ನುಣ್ಣಗೆ ಬೆರೆಸಿ, ಭಾರಿ ಒತ್ತಡದಲ್ಲಿ ಗಟ್ಟಿ ಮಾಡಿ, ಮತ್ತೆ ಒಡೆದು, ಜರಡಿ ಹಿಡಿದು, ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುತ್ತಾರೆ. ಯೂರೋಪಿನಲ್ಲಿ ಹದಿನೈದನೆಯ ಶತಮಾನದಲ್ಲಿ ಈ ಕ್ರಮ ಬೆಳೆಯಿತು. ಕಾಳಿನ ಮೇಲೆ ಗ್ರಾಫೈಟಿನ, ಅಂದರೆ ಪೆನ್ಸಿಲ್ ಕಡ್ಡಿಯ ವಸ್ತುವಿನ, ಹೊಳಪು ಕೊಡುವುದೂ ಉಂಟು.

ಕಾಳು ಏಕೆ? ರೈತರಿಗೆ ಇದು ಬೇಗ ಅರ್ಥವಾಗುತ್ತದೆ. ಸಡಿಲವಾಗಿ ಒಟ್ಟಿದ ಜೋಳದ ದಂಟಿಗೆ ಬೆಂಕಿ ತಗುಲಿದರೆ ಸಂದುಗಳ ಮೂಲಕ ಕ್ಷಣದಲ್ಲಿ ಎಲ್ಲ ಕಡೆ ಹಬ್ಬುತ್ತದೆ. ಒತ್ತಿ ತುಂಬಿದ ಹೊಟ್ಟಿನ ರಾಶಿ ಹೊರಗಿನಿಂದ ಒಳಕ್ಕೆ ನಿಧಾನ ಉರಿಯುತ್ತದೆ. ಮದ್ದೂ ಹಾಗೆಯೇ. ಕಾಳುಗಳ ನಡುವಿನ ಸಂದಿನಲ್ಲಿ ಉರಿ ಒಂದೇ ಸಲಕ್ಕೆ ಹರಿದು, ಪ್ರತಿಯೊಂದು ಕಾಳೂ ತನ್ನ ಹೊರಮೈಯಿಂದ ಒಳಕ್ಕೆ ಉರಿಯುತ್ತದೆ. ಕಾಳು ದಪ್ಪವಾದಷ್ಟೂ ಉರಿ ನಿಧಾನ, ಒತ್ತಡ ಹದ. ಕಾಳು ಸಣ್ಣದಾದಷ್ಟೂ ಉರಿ ಚುರುಕು, ಒತ್ತಡ ಹೆಚ್ಚು. ಹಿಟ್ಟಿನಂಥ ಮದ್ದು ಸಡಿಲವಾಗಿದ್ದರೆ ಒಂದು ರೀತಿ, ಕಡ್ಡಿಯಿಂದ ಒತ್ತಿದರೆ ಇನ್ನೊಂದು ರೀತಿ ವರ್ತಿಸುತ್ತದೆ. ಆದ್ದರಿಂದ ಅದನ್ನು ನಂಬುವಂತಿಲ್ಲ.

ಹೊರದೇಶದ ಡಬ್ಬಿಗಳ ಮೇಲೆ ಕಾಳಿನ ಗಾತ್ರವನ್ನು 'ಎಫ್' ಅಕ್ಷರದಿಂದ ಗುರುತಿಸುತ್ತಾರೆ. ಒಂದು ಎಫ್ ಎಂದರೆ ದಪ್ಪ ಕಾಳು. ಇದು ತೀರ ದೊಡ್ಡ ನಳಿಗೆಯ ಬಂದೂಕುಗಳಿಗೆ. ಎರಡು ಎಫ್ ಎಂದರೆ ಮಧ್ಯಮ ಕಾಳು. ಚರೆ ಹಾರಿಸುವ ಬಂದೂಕು, ಹಳೆಯ ಮಸ್ಕೆಟ್‌ಗಳಿಗೆ ಸಾಮಾನ್ಯವಾಗಿ ಬಳಸುವುದು ಇದನ್ನು. ಮೂರು ಎಫ್ ಸಣ್ಣ ಕಾಳು, ಇದು ಕಿರಿದಾದ ನಳಿಗೆಯ ರೈಫಲ್ ಮತ್ತು ಪಿಸ್ತೂಲುಗಳಿಗೆ. ನಾಲ್ಕು ಎಫ್ ಎಂದರೆ ತೀರ ಸಣ್ಣದು. ಅದು ಚಕಮಕಿ ಬಂದೂಕಿನ ಕಿವಿಯಲ್ಲಿ ಕಿಡಿ ಹಿಡಿಯಲು ಹಾಕುವ ಚಿಟಿಕೆ ಮದ್ದು ಮಾತ್ರ, ನಳಿಗೆಯೊಳಕ್ಕೆ ಸುರಿಯುವಂಥದ್ದಲ್ಲ.

ಬೆಳೆ ಕಾಯುವ ನಮ್ಮ ಬಂದೂಕುಗಳು ಹೆಚ್ಚಾಗಿ ಗೆರೆಯಿಲ್ಲದ ನುಣುಪು ನಳಿಗೆಯವು, ಅಗಲವಾದವು. ಇವಕ್ಕೆ ಮಧ್ಯಮ ಅಥವಾ ದಪ್ಪ ಕಾಳೇ ತಕ್ಕದ್ದು. "ಸಣ್ಣ ಕಾಳು ಹಾಕಿದರೆ ಸದ್ದು ಜೋರು" ಎಂದು ಯಾರಾದರೂ ಹೇಳಿದರೆ ಆ ಮಾತಿಗೆ ಕಿವಿಗೊಡಬೇಡಿ. ಅಂಗಡಿಯಲ್ಲಿ ಸಿಗುವ ಡಬ್ಬಿಯ ಮೇಲೆ ಎಫ್ ಗುರುತು ಇಲ್ಲದಿದ್ದರೆ, ಬಂದೂಕಿನ ಲೈಸೆನ್ಸು ತೋರಿಸಿ, ಯಾವ ನಳಿಗೆಗೆ ಎಂದು ಹೇಳಿ, ಅದಕ್ಕೆ ಸಲ್ಲುವುದನ್ನೇ ಕೇಳಿ ಪಡೆಯಬೇಕು.

ಈ ನಾಲ್ಕು ಮದ್ದು ಬೇಡವೇ ಬೇಡ

ಒಂದು: ತೋಟೆ ಒಡೆದು ತೆಗೆದ ಮದ್ದು. ತೋಟೆಯಲ್ಲಿರುವುದು ಹೊಗೆಯಿಲ್ಲದ ಮದ್ದು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆ ಎಂಬ ರಸಾಯನ ವಿಜ್ಞಾನಿ ಇದನ್ನು ರೂಪಿಸಿದರು. ಇದು ಹತ್ತಿಯ ನಾರಿನಂಥ ವಸ್ತುವನ್ನು ಆಮ್ಲದಲ್ಲಿ ಸಂಸ್ಕರಿಸಿ ಮಾಡುವ, ಬೇರೆಯೇ ಜಾತಿಯ ವಸ್ತು. ಕಣ್ಣಿಗೆ ಕರಿ ಮದ್ದಿನಂತೆ ಕಂಡರೂ ಅದೇ ಅಳತೆಗೆ ಎಷ್ಟೋ ಪಟ್ಟು ಹೆಚ್ಚು ಒತ್ತಡ ಕೊಡುತ್ತದೆ. ಇಂದಿನ ಗಟ್ಟಿ ಉಕ್ಕಿನ ಬಂದೂಕುಗಳಿಗಾಗಿಯೇ ಮಾಡಿದ್ದು ಇದು. ಹಳೆಯ ನಳಿಗೆಗೆ ಇದರ ಒಂದು ಚಿಟಿಕೆಯೂ ಸಲ್ಲದು, ಕರಿ ಮದ್ದಿನ ಜೊತೆ ಬೆರೆಸುವುದೂ ಸಲ್ಲದು. ನಳಿಗೆ ಒಡೆದು ಕೈಬೆರಳು ಹೋಗುವ ಅವಘಡಗಳಿಗೆ ಇದೊಂದು ದೊಡ್ಡ ಕಾರಣ.

ಎರಡು: ಪಟಾಕಿಯ ಮದ್ದು. ಸದ್ದು ಮಾಡುವ ಪಟಾಕಿಗಳಲ್ಲಿ ಅಲ್ಯೂಮಿನಿಯಂ ಪುಡಿ ಮುಂತಾದವು ಇರುತ್ತವೆ. ಅದು ಗುಂಡನ್ನು ತಳ್ಳಲು ಮಾಡಿದ್ದಲ್ಲ, ಸಿಡಿದು ಚೂರಾಗಲು ಮಾಡಿದ್ದು. ನಳಿಗೆಯಲ್ಲಿಯೂ ಅದು ಮಾಡುವುದು ಅದನ್ನೇ. ಬೆಂಕಿಕಡ್ಡಿಯ ತಲೆ ಕೆರೆದು ತುಂಬುವ ಹುಚ್ಚಾಟಕ್ಕೂ ಇದೇ ಮಾತು ಸಲ್ಲುತ್ತದೆ.

ಮೂರು: ಕಲ್ಲು ಕ್ವಾರಿಯ ಮದ್ದು. ಬಂಡೆ ಸೀಳಲು ಬಳಸುವ ಯಾವ ವಸ್ತುವೂ ಬಂದೂಕಿಗಲ್ಲ. ಅದು ಕ್ವಾರಿಯಿಂದ ಹೊರಗೆ ಬಂದಿದೆ ಎಂದರೆ ಕದ್ದು ಬಂದಿದೆ ಎಂದೇ ಅರ್ಥ.

ನಾಲ್ಕು: ಹೆಸರಿಲ್ಲದ, ಪೊಟ್ಟಣದಲ್ಲಿ ಕಟ್ಟಿ ಕೊಡುವ ಮದ್ದು. ಸಂತೆಯಲ್ಲಿ, ಗುಟ್ಟಾಗಿ, "ಒಳ್ಳೆ ಮಾಲು" ಎಂದು ಕೊಡುವ ಪುಡಿಯಲ್ಲಿ ಏನಿದೆ ಎಂದು ಕೊಡುವವನಿಗೂ ತಿಳಿದಿರುವುದಿಲ್ಲ. ಕರ್ನೂಲು, ಅನಂತಪುರ, ಕಡಪ ಜಿಲ್ಲೆಗಳ ನಮಗೆ ನಾಟು ಬಾಂಬುಗಳ ಕಥೆ ಹೊಸದಲ್ಲ. ಫ್ಯಾಕ್ಷನ್ ಜಗಳಗಳ ಕಾಲದಲ್ಲಿ ಅವನ್ನು ಕಟ್ಟಲು ಹೋಗಿ ಕೈ ಕಳೆದುಕೊಂಡವರೂ ಇದ್ದಾರೆ, ಬಚ್ಚಿಟ್ಟದ್ದು ಸಿಡಿದು ಏನೂ ಅರಿಯದ ಮಕ್ಕಳು ಸತ್ತದ್ದೂ ಇದೆ. ಅದೇ ಕೈಗಳಿಂದ ಬರುವ ಪುಡಿಯನ್ನು ಮನೆಯೊಳಗೆ ತರಬಾರದು.

ಇನ್ನೊಂದು ಮಾತು. ಹೊರದೇಶದಲ್ಲಿರುವ ನೆಂಟರು ಅಮೆರಿಕದ ಪೈರೊಡೆಕ್ಸ್ ಮುಂತಾದ ಬದಲಿ ಮದ್ದಿನ ವಿಷಯ ಹೇಳಬಹುದು. ಅಲ್ಲಿ ಅವು ಅಂಗಡಿಯಲ್ಲಿ ಸಿಗುತ್ತವೆ, ನಿಜ. ಆದರೆ ಅಂಚೆಯಲ್ಲಾಗಲಿ ವಿಮಾನದ ಪೆಟ್ಟಿಗೆಯಲ್ಲಾಗಲಿ ಸಿಡಿಮದ್ದು ತರಿಸುವುದು ಅಪರಾಧ.

ಕೊಳ್ಳುವಾಗ

ಮದ್ದನ್ನು ಲೈಸೆನ್ಸು ಇರುವ ಬಂದೂಕಿನ ಅಂಗಡಿಯಲ್ಲಿಯೇ ಕೊಳ್ಳಬೇಕು. ಲೈಸೆನ್ಸಿನ ಪುಸ್ತಕದಲ್ಲಿ ಎಷ್ಟು ಪ್ರಮಾಣ ಎಂದು ಬರೆದಿದೆಯೋ ಅಷ್ಟೇ ತರಬೇಕು, ಅದನ್ನು ಪುಸ್ತಕದಲ್ಲಿ ನಮೂದಿಸಿಕೊಳ್ಳಬೇಕು, ರಸೀದಿ ಪಡೆಯಬೇಕು. ಡಬ್ಬಿಯ ಮೇಲೆ ತಯಾರಕರ ಹೆಸರು, ಮದ್ದಿನ ಬಗೆ, ತಯಾರಾದ ಗುರುತು ಇದೆಯೇ, ಮುದ್ರೆ ಒಡೆದಿಲ್ಲವೇ ಎಂದು ನೋಡಬೇಕು. ಒಳ್ಳೆಯ ಮದ್ದಿನ ಕಾಳುಗಳು ಬಿಡಿಬಿಡಿಯಾಗಿ, ಒಂದೇ ಗಾತ್ರದಲ್ಲಿ ಇರುತ್ತವೆ. ಗಂಟು ಕಟ್ಟಿದ್ದರೆ, ಕಾಳಿನ ಮೇಲೆ ಬಿಳಿ ಉಪ್ಪು ಬೂಸ್ಟಿನಂತೆ ಹೂತಿದ್ದರೆ, ಡಬ್ಬಿಯ ತಳದಲ್ಲಿ ಹಿಟ್ಟು ಕೂತಿದ್ದರೆ ಅದಕ್ಕೆ ತೇವ ತಗುಲಿದೆ ಎಂದು ತಿಳಿಯಬೇಕು. ಅಂಥದ್ದನ್ನು ಹಿಂದಿರುಗಿಸಿ.

ಮದ್ದಿಗಿಂತ ಮೊದಲು ಬಂದೂಕನ್ನು ನೋಡಬೇಕು. ಅಟ್ಟದ ಮೇಲೆ ಹತ್ತಾರು ವರ್ಷ ಬಿದ್ದಿದ್ದ ನಳಿಗೆಯ ಒಳಮೈಯನ್ನು ತುಕ್ಕು ತಿಂದಿರುತ್ತದೆ. ತಾತ ತುಂಬಿಟ್ಟ ಮದ್ದು ಇನ್ನೂ ಒಳಗೇ ಇರಬಹುದು, ಒಣಗಿದ್ದರೆ ಅದು ಇವತ್ತೂ ಹಾರಬಲ್ಲದು. ಲೈಸೆನ್ಸುದಾರ ಬಂದೂಕು ರಿಪೇರಿಯವರಿಗೆ ತೋರಿಸದೆ ಅದಕ್ಕೆ ಮದ್ದು ಹಾಕಬಾರದು. ಎಷ್ಟು ಮದ್ದು ಎಂಬುದನ್ನೂ ಅವರಿಂದಲೇ ತಿಳಿಯಬೇಕು. ಊರ ಕಮ್ಮಾರನಿಗೆ ಕೊಟ್ಟು ಸರಿ ಮಾಡಿಸುವುದು ಅವನಿಗೂ ನಿಮಗೂ ಅಪರಾಧವೇ. ಕಾನೂನಿನ ಪ್ರಕಾರ ರಿಪೇರಿಗೂ ಲೈಸೆನ್ಸು ಬೇಕು.

ಮನೆಯಲ್ಲಿ ಇಡುವಾಗ

ಹಿಂದಿನ ಅರಸರು ಮದ್ದನ್ನು ಅರಮನೆಯಲ್ಲಿ ಇಡುತ್ತಿರಲಿಲ್ಲ, ಅದಕ್ಕೆ ಬೇರೆ ಮದ್ದಿನ ಮನೆ ಕಟ್ಟಿಸುತ್ತಿದ್ದರು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಗಳು ಇಂದಿಗೂ ಇವೆ. ಅರ್ಧ ನೆಲದೊಳಗೆ ಹುದುಗಿದ, ದಪ್ಪ ಗೋಡೆಯ ಕಟ್ಟಡಗಳು ಅವು. 2017ರಲ್ಲಿ ರೈಲು ಹಳಿ ಜೋಡಿ ಮಾಡಲು ಅವುಗಳಲ್ಲಿ ಒಂದನ್ನು ಕೆಡವದೆ ಇಡಿಯಾಗಿ ಪಕ್ಕಕ್ಕೆ ಸರಿಸಿದರು. ಅಷ್ಟು ಗಟ್ಟಿ ಕಟ್ಟಡ. ಹಳೆಯ ಕಾಲದ ಕ್ರೈಸ್ತ ನಾವಿಕರು ಹಡಗಿನ ಮದ್ದಿನ ಕೋಣೆಗೆ ಸಂತ ಬಾರ್ಬರಳ ಹೆಸರನ್ನೇ ಇಟ್ಟಿದ್ದರು. ಡಿಸೆಂಬರ್ 4 ಆಕೆಯ ಹಬ್ಬ. ಫಿರಂಗಿಯವರು, ಗಣಿಯವರು, ಸಿಡಿಮದ್ದಿನ ಕೆಲಸದವರು ಇಂದಿಗೂ ಆಕೆಯ ಆಸರೆ ಬೇಡುತ್ತಾರೆ. ಹಾಗೆ ಬೇಡಿದವರೂ ಮದ್ದಿನ ಬಳಿ ದೀಪ ಹಚ್ಚಿದವರಲ್ಲ. ಪ್ರಾರ್ಥನೆಯ ಜೊತೆ ಎಚ್ಚರವೂ ಇರಬೇಕು.

ನಮ್ಮ ಮನೆಗಳಲ್ಲಿ ಪಾಲಿಸಬೇಕಾದವು ಇವು:

ಮದ್ದು ಅದು ಬಂದ ಡಬ್ಬಿಯಲ್ಲೇ ಇರಲಿ. ಗಾಜಿನ ಸೀಸೆ, ಗೊಬ್ಬರದ ಚೀಲ, ತಿಂಡಿಯ ಡಬ್ಬಿ ಬೇಡ.

ಒಲೆ, ಗ್ಯಾಸು, ದೀಪ, ಸ್ವಿಚ್ಚು, ಇನ್ವರ್ಟರು, ತಗಡಿನ ಮಾಡಿನ ಕಾವು ಇವುಗಳಿಂದ ದೂರ, ತಂಪಾಗಿ ಒಣಗಿರುವ ಕಡೆ, ಬೀಗ ಹಾಕಿದ ಮರದ ಪೆಟ್ಟಿಗೆಯಲ್ಲಿ ಇಡಿ. ಬೀಗದ ಕೈ ಲೈಸೆನ್ಸುದಾರನ ಹತ್ತಿರವೇ ಇರಲಿ.

ಕೇಪುಗಳನ್ನು ಬೇರೆ ಪೆಟ್ಟಿಗೆಯಲ್ಲಿ, ಬಂದೂಕನ್ನು ಬೇರೆ ಕಡೆ ಇಡಿ. ಮೂರೂ ಒಂದೇ ಕಡೆ ಇದ್ದರೆ ಮಗುವಿನ ಕೈಗೆ ಮೂರೂ ಸಿಗುತ್ತವೆ.

ತೇವವಾದ ಮದ್ದನ್ನು ಬಿಸಿಲಿಗೆ ಹರಡುವುದು, ಬಾಣಲೆಯಲ್ಲಿ ಬಿಸಿ ಮಾಡುವುದು ಸಾವನ್ನು ಕರೆದಂತೆ. ಅಂಗಡಿಯವರಿಗೋ ಪೊಲೀಸು ಠಾಣೆಗೋ ತಿಳಿಸಿ ವಿಲೇವಾರಿ ಮಾಡಿಸಿ.

ಚುನಾವಣೆ ಬಂದಾಗ ಬಂದೂಕನ್ನು ಠಾಣೆಯಲ್ಲಿ ಇಡಲು ಹೇಳುತ್ತಾರೆ. ಆಗ ಮನೆಯಲ್ಲಿ ಉಳಿದ ಮದ್ದಿನ ಲೆಕ್ಕವನ್ನೂ ಠಾಣೆಗೆ ಹೇಳಿ, ಅವರು ಹೇಳಿದಂತೆ ನಡೆಯಿರಿ.

ತುಂಬುವಾಗ, ಹಾರದಿದ್ದಾಗ

ದೊಡ್ಡ ಡಬ್ಬಿಯಿಂದ ನೇರವಾಗಿ ನಳಿಗೆಗೆ ಮದ್ದು ಸುರಿಯಬಾರದು. ಹಿಂದಿನ ಸಲದ ಕೆಂಡದ ಚೂರು ಒಳಗೆ ಉಳಿದಿದ್ದರೆ ಉರಿ ಮೇಲಕ್ಕೆ ಬಂದು ಕೈಯಲ್ಲಿರುವ ಇಡೀ ಡಬ್ಬಿಯೇ ಸಿಡಿಯುತ್ತದೆ. ಸಣ್ಣ ಅಳತೆಯಲ್ಲಿ ಬೇರೆ ತೆಗೆದುಕೊಂಡು, ಡಬ್ಬಿಯ ಬಾಯಿ ಮುಚ್ಚಿ ದೂರವಿಟ್ಟು, ಆಮೇಲೆ ಆ ಅಳತೆಯಿಂದ ಸುರಿಯಬೇಕು. ಬೀಡಿ, ಸಿಗರೇಟು ಹತ್ತಿರ ಸುಳಿಯಬಾರದು. ಮುಖ, ಎದೆ, ಕೈ ಯಾವುದೂ ನಳಿಗೆಯ ಬಾಯಿಯ ಮೇಲೆ ಬಾಗಿರಬಾರದು.

ಗುಂಡು ಮದ್ದಿಗೆ ತಾಗಿ ಕೂತಿರಬೇಕು. ನಡುವೆ ಸಂದು ಉಳಿದರೆ ಒತ್ತಡ ಅಲ್ಲಿ ಸಿಕ್ಕಿಕೊಂಡು ನಳಿಗೆ ಉಬ್ಬುತ್ತದೆ ಅಥವಾ ಒಡೆಯುತ್ತದೆ. ತುಂಬಿದ್ದನ್ನು ಮರೆತು ಎರಡನೆಯ ಸಲ ತುಂಬುವುದೂ ಇಷ್ಟೇ ಅಪಾಯ. ಆದ್ದರಿಂದ ತುಂಬುವ ಕೆಲಸ ಒಬ್ಬನದೇ ಆಗಿರಲಿ, ಮಾತುಕತೆ ಬೇಡ, ಕುಡಿದವನು ಹತ್ತಿರವೂ ಬರಬಾರದು.

ಕೇಪು ಹೊಡೆದರೂ ಬಂದೂಕು ಹಾರದಿದ್ದರೆ ನಳಿಗೆಯನ್ನು ಬಯಲ ಕಡೆಗೇ ಹಿಡಿದು ಕನಿಷ್ಠ ಎರಡು ನಿಮಿಷ ಕದಲದೆ ನಿಲ್ಲಿ. ಒಳಗೆ ಮದ್ದು ನಿಧಾನವಾಗಿ ಹೊಗೆಯಾಡುತ್ತಿರಬಹುದು. "ಏನಾಯಿತು ನೋಡೋಣ" ಎಂದು ನಳಿಗೆಯೊಳಗೆ ಇಣುಕುವುದು ಎಂದಿಗೂ ಬೇಡ.

ತೊಳೆಯುವುದು

ಕರಿ ಮದ್ದು ಉರಿದ ಮೇಲೆ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಘನವಸ್ತುವಾಗಿಯೇ ಉಳಿಯುತ್ತದೆ. ಬಿಳಿ ಹೊಗೆಯೂ ಕರಿ ಮಸಿಯೂ ಅದೇ. ಆ ಮಸಿಯಲ್ಲಿರುವ ಉಪ್ಪುಗಳು ಗಾಳಿಯ ತೇವವನ್ನು ಎಳೆದುಕೊಂಡು ಕಬ್ಬಿಣವನ್ನು ತಿನ್ನುತ್ತವೆ. ಒಂದು ರಾತ್ರಿ ಬಿಟ್ಟರೂ ತುಕ್ಕು ಹಿಡಿಯುತ್ತದೆ. ಎಣ್ಣೆ ಮಾತ್ರ ಹಚ್ಚಿದರೆ ಉಪ್ಪು ಹೋಗುವುದಿಲ್ಲ. ಬಂದೂಕು ಖಾಲಿಯಿದೆ ಎಂದು ಖಚಿತ ಮಾಡಿಕೊಂಡು, ಬಿಸಿನೀರು ಮತ್ತು ಸೋಪಿನಿಂದ ಒಳಗೆಲ್ಲ ತೊಳೆದು, ಬಟ್ಟೆಯಿಂದ ಪೂರ್ತಿ ಒಣಗಿಸಿ, ಆಮೇಲೆ ತೆಳ್ಳಗೆ ಎಣ್ಣೆ ಸವರಬೇಕು. ತೊಳೆದ ಮೇಲೆ ಕೈಗಳನ್ನೂ ಸೋಪಿನಿಂದ ತೊಳೆಯಿರಿ. ಚರೆ, ಗುಂಡು ಸೀಸದ್ದು. ಸೀಸ ಮೈಗೆ ಸೇರಿದರೆ, ಮುಖ್ಯವಾಗಿ ಚಿಕ್ಕ ಮಕ್ಕಳ ಮತ್ತು ಬಸುರಿಯರ ಮೈಗೆ ಸೇರಿದರೆ, ಮಿದುಳಿಗೂ ನರಗಳಿಗೂ ಕೇಡು. ಅಡುಗೆಮನೆಯ ಪಾತ್ರೆಯಲ್ಲಿ ಸೀಸ ಕರಗಿಸುವುದು ಕೂಡದು.

ಆರೋಗ್ಯದ ಮಾತು

ಬಂದೂಕಿನ ಸದ್ದು 140 ಡೆಸಿಬೆಲ್‌ ದಾಟುತ್ತದೆ. ಇಂಥ ಸದ್ದು ಒಂದೇ ಸಲ ಬಿದ್ದರೂ ಕಿವಿಯ ಒಳಗಿನ ಸೂಕ್ಷ್ಮ ಕೂದಲುಗಳು ಸಾಯಬಹುದು, ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹತ್ತಿ ತುರುಕಿಕೊಂಡರೆ ಸಾಲದು. ಔಷಧಿ ಅಂಗಡಿಯಲ್ಲಿ ಸಿಗುವ ಕಿವಿಬಿರಡೆ ಹಾಕಿಕೊಳ್ಳಿ, ಕಣ್ಣಿಗೆ ಗಟ್ಟಿ ಕನ್ನಡಕ ಇರಲಿ.

ಮದ್ದಿನಿಂದ ಸುಟ್ಟರೆ ಮೊದಲು ಉರಿಯುವ ಬಟ್ಟೆಯನ್ನು ಆರಿಸಿ. ಉಂಗುರ, ಬಳೆ, ವಾಚು ತೆಗೆಯಿರಿ. ಸುಟ್ಟ ಭಾಗದ ಮೇಲೆ 20 ನಿಮಿಷ ತಣ್ಣೀರು ಹರಿಸಿ. ಮಂಜುಗಡ್ಡೆ, ಟೂತ್‌ಪೇಸ್ಟು, ಶಾಯಿ, ಬೆಣ್ಣೆ, ಸಗಣಿ ಯಾವುದೂ ಬೇಡ. ಬೊಬ್ಬೆ ಒಡೆಯಬೇಡಿ. ಶುಚಿಯಾದ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ಆಸ್ಪತ್ರೆಗೆ ಒಯ್ಯಿರಿ, 108ಕ್ಕೆ ಕರೆ ಮಾಡಿ. ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರಿಗೆ ನೆನಪಿಸಿ. ಕಣ್ಣಿಗೆ ಪುಡಿ ಬಿದ್ದಿದ್ದರೆ ಉಜ್ಜದೆ ಶುದ್ಧ ನೀರಿನಿಂದ ಬಹಳ ಹೊತ್ತು ತೊಳೆಯಿರಿ. ಚೂರು ಚುಚ್ಚಿಕೊಂಡಿದ್ದರೆ ಮಾತ್ರ ತೊಳೆಯುವುದೂ ಬೇಡ, ಕೀಳುವುದೂ ಬೇಡ. ಒತ್ತದ ಹಾಗೆ ಒಂದು ಲೋಟವನ್ನು ಕಣ್ಣಿನ ಮೇಲೆ ಮರೆಯಾಗಿಟ್ಟು ಕೂಡಲೇ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ರಕ್ತ ಚಿಮ್ಮುತ್ತಿದ್ದರೆ ಶುಚಿ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಪೊಲೀಸರ ಭಯದಿಂದ ಗಾಯಾಳುವನ್ನು ಮನೆಯಲ್ಲಿ ಬಚ್ಚಿಡುವುದು ದೊಡ್ಡ ಪಾಪ.

ಬಂದೂಕಿಗೆ ಬದಲು ಪ್ಲಾಸ್ಟಿಕ್ ಪೈಪಿನಲ್ಲಿ ಕಾರ್ಬೈಡು, ನೀರು ಹಾಕಿ ಸಿಡಿಸುವ ಪೈಪು ಗನ್ನು ಈಗ ಬಂದಿದೆ. ಕೋತಿ, ಹಂದಿ ಓಡಿಸಲು ಎಂದು ಶುರುವಾದದ್ದು ಮಕ್ಕಳ ಆಟಿಕೆಯಾಯಿತು. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಇದರಿಂದ ನೂರಕ್ಕೂ ಹೆಚ್ಚು ಜನರ ಕಣ್ಣಿಗೆ ಗಾಯವಾಯಿತು, ಅವರಲ್ಲಿ ಮಕ್ಕಳೇ ಹೆಚ್ಚು. ಇದನ್ನು ಮನೆಗೆ ತರಬೇಡಿ.

ಕಾನೂನು ಏನು ಹೇಳುತ್ತದೆ?

1959ರ ಆಯುಧ ಕಾಯಿದೆಯ 13ನೆಯ ಕಲಮಿನಲ್ಲಿ ಬೆಳೆ ರಕ್ಷಣೆಯ ಮಾತು ನೇರವಾಗಿಯೇ ಬರುತ್ತದೆ. ನಿಜವಾಗಿ ಬೆಳೆ ಕಾಯುವುದಕ್ಕಾಗಿ ಬಾಯಿಯಿಂದ ತುಂಬುವ ಬಂದೂಕು ಬೇಕೆಂದು ಅರ್ಜಿ ಹಾಕುವ ಪ್ರಜೆಗೆ ಲೈಸೆನ್ಸು ಕೊಡಲು ಅಲ್ಲಿ ಅವಕಾಶವಿದೆ. ಪೊಲೀಸು ವಿಚಾರಣೆಯ ನಂತರ ಅಧಿಕಾರಿಗಳು ತೀರ್ಮಾನಿಸುತ್ತಾರೆ. 2019ರ ತಿದ್ದುಪಡಿಯ ನಂತರ ಲೈಸೆನ್ಸಿಲ್ಲದೆ ಬಂದೂಕು ಅಥವಾ ಮದ್ದುಗುಂಡು ಇಟ್ಟುಕೊಂಡರೆ ಎರಡರಿಂದ ಐದು ವರ್ಷ ಸೆರೆ. ತಯಾರಿಸಿದರೆ ಕನಿಷ್ಠ ಏಳು ವರ್ಷ, ಜೀವಾವಧಿಯವರೆಗೂ ಹೋಗಬಹುದು. ಸಿಡಿಮದ್ದಿಗೆ 1884 ಮತ್ತು 1908ರ ಕಾಯಿದೆಗಳು ಬೇರೆ ಇವೆ.

"ಕೊಡಗಿನಲ್ಲಿ ಲೈಸೆನ್ಸೇ ಬೇಡವಂತೆ" ಎಂದು ಕೆಲವರು ವಾದಿಸುತ್ತಾರೆ. ಬ್ರಿಟಿಷರ ಕಾಲದಿಂದ ಕೊಡವರಿಗೂ ಜಮ್ಮಾ ಭೂಮಿ ಹಿಡುವಳಿದಾರರಿಗೂ ವಿನಾಯಿತಿ ಇರುವುದು ನಿಜ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. ಆದರೆ ಅದು ಅವರಿಗೆ ಮಾತ್ರ. ಅದು ನಮಗೆ ಅನ್ವಯಿಸುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಬಂದೂಕಿನ ಲೈಸೆನ್ಸು ಎಂದರೆ ಪ್ರಾಣಿ ಕೊಲ್ಲುವ ಲೈಸೆನ್ಸಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಷೇಧಿಸುತ್ತದೆ. ನಮ್ಮ ಹೊಲಕ್ಕೆ ಬರುವ ಕೃಷ್ಣಮೃಗ ಆಂಧ್ರ ಪ್ರದೇಶದ ರಾಜ್ಯಪ್ರಾಣಿ, ಮೊದಲನೆಯ ಅನುಸೂಚಿಯಲ್ಲಿದೆ. ಅದನ್ನು ಕೊಂದರೆ ಮೂರರಿಂದ ಏಳು ವರ್ಷ ಸೆರೆ. ಬೆಳೆ ತಿಂದಿತು ಎಂಬ ಕಾರಣ ಅಲ್ಲಿ ನಡೆಯುವುದಿಲ್ಲ. ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ನಿಂತ ಬೆಳೆಗೆ ಅಪಾಯವಿದೆ ಎಂದು ಅರಣ್ಯ ಇಲಾಖೆಯ ಅಧಿಕಾರಿ ಬರಹದಲ್ಲಿ ಅಪ್ಪಣೆ ಕೊಟ್ಟರೆ ಮಾತ್ರ ಅದರ ಮೇಲೆ ಗುಂಡು ಹಾರಿಸಬಹುದು. ಆ ಕಾಗದ ಇಲ್ಲದವನ ಬಂದೂಕು ಹೆದರಿಸುವುದಕ್ಕಷ್ಟೇ. ಹಣ್ಣಿನಲ್ಲಿ, ಹಿಟ್ಟಿನ ಉಂಡೆಯಲ್ಲಿ ಮದ್ದು ಹುದುಗಿಸಿ ಇಡುವುದಂತೂ ಘೋರ ಕೃತ್ಯ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಗಬ್ಬದ ಆನೆ ಇಂಥದ್ದನ್ನು ಕಚ್ಚಿ, ಬಾಯಿ ಛಿದ್ರವಾಗಿ, ಹೊಳೆಯ ನೀರಿನಲ್ಲಿ ನಿಂತೇ ಸತ್ತದ್ದನ್ನು ದೇಶವೆಲ್ಲ ನೋಡಿತು. ನಮ್ಮ ಕಡೆ ಅದನ್ನು ಕಚ್ಚುವುದು ನಿಮ್ಮದೇ ಹಸುವೋ ಎಮ್ಮೆಯೋ ಆಗಬಹುದು.

ಬಂದೂಕಿಲ್ಲದೆ ಬೆಳೆ ಕಾಯುವುದು

ಹೆದರಿಸುವುದೇ ಉದ್ದೇಶವಾದರೆ ಮದ್ದಿಲ್ಲದ ದಾರಿಗಳೂ ಇವೆ. ಶೇಂಗಾ ಹೊಲದ ಸುತ್ತ ನಾಲ್ಕು ಸಾಲು ಕುಸುಬೆ ಹಾಕಿದರೆ ಅದರ ಮುಳ್ಳು ಮತ್ತು ವಾಸನೆಗೆ ಹಂದಿ ಒಳಕ್ಕೆ ನುಗ್ಗಲು ಹಿಂಜರಿಯುತ್ತದೆ ಎಂದು ಕೃಷಿ ವಿಜ್ಞಾನಿಗಳು ಸಲಹೆ ಕೊಡುತ್ತಾರೆ. ಬಣ್ಣದ ಹಳೆ ಸೀರೆ, ತಗಡಿನ ಸದ್ದು, ಸರದಿಯ ಮೇಲೆ ಅಕ್ಕಪಕ್ಕದವರ ರಾತ್ರಿ ಕಾವಲು ಇವೂ ಉಂಟು. ಸೌರ ಬೇಲಿ ಚುರುಕು ಮುಟ್ಟಿಸಿ ಬಿಡುತ್ತದೆ, ಕೊಲ್ಲುವುದಿಲ್ಲ. ಆದರೆ ಕಂಬದ ಕರೆಂಟನ್ನು ನೇರವಾಗಿ ತಂತಿಗೆ ಬಿಡುವುದು ಕೊಲೆಗೆ ಸಮಾನ. ಅದರಲ್ಲಿ ಸಿಕ್ಕಿ ಸಾಯುವುದು ಪಕ್ಕದ ಹೊಲದ ರೈತನೇ.

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಕಾಡುಪ್ರಾಣಿಗಳಿಂದಾದ ನಷ್ಟವನ್ನೂ 2026ರ ಮುಂಗಾರಿನಿಂದ ಸೇರಿಸುವುದಾಗಿ ಕೇಂದ್ರ ಕೃಷಿ ಸಚಿವಾಲಯ 2025ರ ನವೆಂಬರಿನಲ್ಲಿ ಪ್ರಕಟಿಸಿತು. ಯಾವ ಪ್ರಾಣಿ, ಯಾವ ಪ್ರದೇಶ ಎಂದು ರಾಜ್ಯ ಸರ್ಕಾರ ಗೊತ್ತುಪಡಿಸಬೇಕು. ರೈತ 72 ಗಂಟೆಯೊಳಗೆ ಫೋಟೋ ಸಮೇತ ದೂರು ಕೊಡಬೇಕು. ವಿಮೆ ಕಟ್ಟುವ ಮೊದಲೇ ಕೃಷಿ ಅಧಿಕಾರಿಯನ್ನು ಕೇಳಿ ನಮ್ಮ ಮಂಡಲ, ನಮ್ಮ ಬೆಳೆ ಅದರಲ್ಲಿ ಸೇರಿದೆಯೇ ಎಂದು ತಿಳಿದುಕೊಳ್ಳಿ.

ಪ್ರಿಯರೇ, ನಾಟು ಬಂದೂಕಿಗೆ ಮದ್ದು ಯಾವುದು ಎಂದರೆ: ಕಾರ್ಖಾನೆಯಲ್ಲಿ ತಯಾರಾದ, ಹೆಸರು ಗುರುತು ಇರುವ, ನಳಿಗೆಗೆ ತಕ್ಕ ಕಾಳಿನ ಕರಿ ಮದ್ದು. ಲೈಸೆನ್ಸಿನ ಅಂಗಡಿಯಿಂದ ರಸೀದಿಯೊಂದಿಗೆ ತಂದದ್ದು. ಇಷ್ಟು ಸಾಧ್ಯವಾಗದಿದ್ದರೆ ಬಂದೂಕು ಖಾಲಿಯಾಗಿಯೇ ಇರಲಿ. ಹೋದ ಬೆಳೆ ಮುಂದಿನ ಮುಂಗಾರಿಗೆ ಮತ್ತೆ ಬರುತ್ತದೆ, ಹೋದ ಕಣ್ಣು ಬರುವುದಿಲ್ಲ. ನಿಮ್ಮ ಮನೆಯಲ್ಲಿ ಹಳೆಯ ಪೊಟ್ಟಣವೋ, ಲೈಸೆನ್ಸು ಮುಗಿದ ಬಂದೂಕೋ ಉಳಿದಿದ್ದರೆ ಮುಟ್ಟಿ ಅಲ್ಲಾಡಿಸದೆ, ಊರಿನ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ಠಾಣೆಗೆ ತಿಳಿಸಿ. ಒಬ್ಬರೇ ಹೋಗಲು ಅಳುಕಾದರೆ ನಮಗೆ ಹೇಳಿ, ಜೊತೆಗೆ ನಾವೂ ಬರುತ್ತೇವೆ.